ಪಿಸ್ತೂಲಿಗೆ ಬೆಲೆ ಕಟ್ಟುವುದು

ಹಳೆಯ ಸೇನಾ ಪಿಸ್ತೂಲಿನ ಬೆಲೆ ಇರುವುದು ಅದರ ಗುಂಡಿನಲ್ಲಲ್ಲ, ಮೈಮೇಲಿನ ಗುರುತಿನಲ್ಲಿ. 1763ರಲ್ಲಿ ಹೈದರಾಲಿ ಗೆದ್ದ ಬಿದನೂರೇ ಇಂದಿನ ನಗರವೆಂಬ ಊರು. ಅಲ್ಲಿ ಅಟ್ಟದಿಂದ ಇಳಿದದ್ದೆಲ್ಲ ಹೈದರನ ಮಗ ಟಿಪ್ಪುವಿನದೇ! ನಿಜವಾಗಿ ಅವನ ಕಾಲದ್ದೇ ಎಂದು ತಿಳಿಯಲು ಅವನ ಗುರುತಾದ ಹುಲಿಪಟ್ಟೆ ಹುಡುಕಬೇಕು. ಆಮೇಲೆ ನಳಿಗೆಯ ಮೇಲಿನ ಮೌಲೂದಿ ಇಸವಿ, ಅಂದರೆ ಟಿಪ್ಪುವಿನ ಕಾಲಗಣನೆಯ ವರ್ಷ. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. 1224ನ್ನು 4221 ಎಂದು ಓದಿದವರ ಪಾಲಿಗೆ ಪಿಸ್ತೂಲು ಇನ್ನೂ ತಯಾರೇ ಆಗಿಲ್ಲ. ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜಿದರೆ ತುಕ್ಕಿನ ಜೊತೆ ಬೆಲೆಯೂ ತೊಳೆದುಹೋಗುತ್ತದೆ. “ಮುತ್ತಜ್ಜನಿಗೆ ಸುಲ್ತಾನರೇ ಕೊಟ್ಟದ್ದು” ಎಂಬ ಮಾತಿಗೆ ದಾಖಲೆಯಿಲ್ಲದಿದ್ದರೆ ಒಂದು ಕವಳದ ಬೆಲೆಯೂ ಇಲ್ಲ. ಸಿಕ್ಕಿದ್ದೆಲ್ಲ ಮಾರಾಟಕ್ಕೂ ಬರುವುದಿಲ್ಲ: 2018ರಲ್ಲಿ ನಗರದ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ಯುದ್ಧ ರಾಕೆಟ್‌ಗಳು ಸಿಕ್ಕವು. ಹರಾಜಿಗಲ್ಲ, ಶಿವಮೊಗ್ಗದ ಸರ್ಕಾರಿ ಮ್ಯೂಸಿಯಂಗೆ ಹೋದವು. ನೂರು ವರ್ಷ ದಾಟಿದ ಪಿಸ್ತೂಲು 1972ರ ಕಾಯ್ದೆಯಂತೆ ಪುರಾತನ ವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ.