ಸೀಟಿನ ಮಾಮಾ

ಡಿಗ್ರಿ ರಿಸಲ್ಟ್ ಬಂದ ಮರುದಿನ ತುರ್ವಿಹಾಳದ ಚಹಾದಂಗಡಿಯಲ್ಲಿ ಸೀಟಿನ ಮಾಮಾ ಹಾಜರು. ಈ ಜಾತಿಯವರು ಸಿಂಧನೂರು, ಮಸ್ಕಿ, ಲಿಂಗಸುಗೂರಿನಲ್ಲೂ ಸಿಗುತ್ತಾರೆ. ಇಸ್ತ್ರಿ ಮುರಿಯದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಬಾಯಲ್ಲಿ 371ಜೆ ಮೀಸಲಾತಿ. ತಾವು ಕಾಲೇಜು ಮೆಟ್ಟಿಲು ಹತ್ತಿದ್ದನ್ನು ಕಂಡವರಿಲ್ಲ. ಬೇರೆಯವರ ಮಕ್ಕಳನ್ನು ಹತ್ತಿಸುವುದರಲ್ಲಿ ಮಾತ್ರ ಎತ್ತಿದ ಕೈ.

"ನಮ್ಮ ಭಾಗದಾಗ ನಮಗ ನೂರಕ್ಕ 70 ಸೀಟು, ಹೊರಗ 8. ಆ 8ರಾಗ ನಿಂದೂ ಒಂದು ಅಂತ ತಿಳ್ಕೊ" ಎಂದು ಚಹಾ ಬರುವಷ್ಟರಲ್ಲಿ ಅಡ್ಮಿಷನ್ ಮುಗಿಸಿಬಿಡುತ್ತಾರೆ.

ನಮ್ಮ ಓಣಿಯ ಹುಡುಗಿ ಎಂ.ಕಾಂ. ಓದುವ ಮಾತೆತ್ತಿದಳು. ನಮ್ಮ ಜಿಲ್ಲೆಯಲ್ಲೇ ಇರುವ ಯರಗೇರಾ ಯೂನಿವರ್ಸಿಟಿ?

"ರಾಯಚೂರಿಗೆ ಹೋಗಿ ಮತ್ತ ಮಂತ್ರಾಲಯದ ಬಸ್ ಹತ್ತಬೇಕು. ಓದಾಕ ಹೊಂಟೀಯೋ, ರಾಯರ ದರ್ಶನಕ್ಕೋ?"

ಕಲಬುರಗಿಯ ಜ್ಞಾನಗಂಗಾ ಕ್ಯಾಂಪಸ್?

"ಹೆಸರಿನಾಗ ಗಂಗಿ ಇದ್ದರ ಬಿಸಿಲು ಕಮ್ಮಿ ಆಗ್ತೈತೇನು?"

ಉಳಿದದ್ದು ಬೆಂಗಳೂರು. ಮಾಮಾ ಬಸಿಯಲ್ಲಿ ಉಳಿದ ಚಹಾದಲ್ಲಿ ಬೆರಳದ್ದಿ ಬೆಂಚಿನ ಮೇಲೆ ನಕ್ಷೆ ಬರೆದರು. ನಟ್ಟನಡುವೆ ಮೆಜೆಸ್ಟಿಕ್. ದೂರದಲ್ಲೊಂದು ಚುಕ್ಕಿ, ಜ್ಞಾನಭಾರತಿ.

"1,100 ಎಕರೆಗೂ ಹೆಚ್ಚೈತಿ. ಎಡದಂಡೆ ನಾಲಿ ನೀರು ಹತ್ತಿದ್ದರ ಎರಡು ಬೆಳಿ ಭತ್ತ ತಗೀಬಹುದಿತ್ತು. ಅಷ್ಟು ಬಯಲಾಗ ಒಬ್ಬಾಕಿ ಹೆಂಗ ಅಡ್ಡಾಡ್ತಿ? ಸೆಂಟ್ರಲ್ ಕಾಲೇಜ್ ಹಿಡಿ. 1858ರಾಗ ಶುರುವಾದದ್ದು. ಮೆಜೆಸ್ಟಿಕ್‌ನಾಗ ಮೆಟ್ರೋ ಹತ್ತಿದ್ರ ಮುಂದಿನ ಸ್ಟಾಪೇ ಕಾಲೇಜು. ಅದರ ಮುಂದಿನದು ವಿಧಾನಸೌಧ!"

ವಿಧಾನಸೌಧ ಅನ್ನುವಾಗ ಮಾಮಾನ ಕಣ್ಣು ಅರಳಿದವು. ಎಂ.ಕಾಂ.ಗೂ ವಿಧಾನಸೌಧಕ್ಕೂ ಏನು ನಂಟು ಎಂದು ಯಾರೂ ಕೇಳಲಿಲ್ಲ.

"ಮಾಮಾ, ಅವೀಗ ಒಂದೇ ಯೂನಿವರ್ಸಿಟಿ ಅಲ್ರಿ" ಎಂದಳು ಹುಡುಗಿ. "2017ರಾಗ ಒಡದು ಮೂರು ಮಾಡ್ಯಾರ. ಜ್ಞಾನಭಾರತಿ ಹಳೇ ಬೆಂಗಳೂರು ಯೂನಿವರ್ಸಿಟಿಗೆ, ಸೆಂಟ್ರಲ್ ಕಾಲೇಜ್ ಸಿಟಿ ಯೂನಿವರ್ಸಿಟಿಗೆ. ಉತ್ತರದ್ದು ಕೋಲಾರದಾಗೈತಿ."

ಮಾಮಾ ಅಲುಗಲಿಲ್ಲ. "ಅಣ್ಣತಮ್ಮರು ಪಾಲಾದ್ರ ಮನಿ ಎದ್ದು ಹೋಗ್ತೈತೇನವ್ವಾ? ಮೆಜೆಸ್ಟಿಕ್ ಇದ್ದಲ್ಲೇ ಐತಲ್ಲ?"

ಪಾಠ ಹೇಳುವವರು ಯಾರು, ಫೀ ಎಷ್ಟು, ಲೈಬ್ರರಿ ಎಷ್ಟೊತ್ತಿನ ತನಕ ತೆರೆದಿರುತ್ತದೆ ಎಂದೆಲ್ಲ ಅವಳು ಕೇಳಿದಳು. ಇಂಥ ಸಣ್ಣಪುಟ್ಟ ವಿಷಯಕ್ಕೆ ಮಾಮಾ ಕೈಹಾಕುವವರಲ್ಲ. ಅವರ ಲೆಕ್ಕದಲ್ಲಿ ಯೂನಿವರ್ಸಿಟಿ ಅಂದರೆ ಸಿಂಧನೂರಿನ ರಾತ್ರಿ ಬಸ್ಸು ಬೆಳಗ್ಗೆ ಇಳಿಸುವ ಜಾಗದಿಂದ ಎಷ್ಟು ಹೆಜ್ಜೆ, ಅಷ್ಟೇ.

"ಮತ್ತ ನಾವು ಊರವರು ಕೆಲಸಕ್ಕ ಬಂದಾಗ, ಮುಖ ತೊಳಕೊಂಡು ಬ್ಯಾಗ್ ಇಡಾಕ ಒಂದು ಜಾಗ ಬೇಕಲ್ಲ?" ಎಂದು ಕಡೆಗೆ ಬಾಯಿಬಿಟ್ಟರು.

"ನಾ ಲೇಡೀಸ್ ಹಾಸ್ಟೆಲ್ ಸೇರಾಕಿ, ಮಾಮಾ. ಗೇಟಿನಾಗ ವಾಚ್‌ಮನ್ ಇರ್ತಾನ."

ಬೆಂಚಿನ ಮೇಲಿನ ಮೆಜೆಸ್ಟಿಕ್ ಅಷ್ಟೊತ್ತಿಗೆ ಒಣಗಿತ್ತು. ಹುಡುಗಿ ತಾನೇ ಲೆಕ್ಕ ಹಾಕಿ ಜ್ಞಾನಭಾರತಿಗೆ ಸೇರಿದಳು. ವಾರದೊಳಗೆ ಊರ ತುಂಬ ಸುದ್ದಿ: "ಅಕಿಗೆ ಜ್ಞಾನಭಾರತಿ ಹಿಡಿ ಅಂದವನೇ ನಾನು. ಗಾಳಿ ಛಲೋ, ಗದ್ದಲಿಲ್ಲ, ಅಲ್ಲೂ ಮೆಟ್ರೋ ಐತಿ."

ಮಾರನೇ ದಿನ ಒಬ್ಬ ಹುಡುಗ ಮಾರ್ಕ್ಸ್ ಕಾರ್ಡ್ ಹಿಡಿದು ಬಂದ. ಮಾಮಾ ಅದನ್ನು ನೋಡಲೂ ಇಲ್ಲ, ಬಸಿಯಲ್ಲಿ ಬೆರಳದ್ದಿದರು.

"ತಮ್ಮಾ, ಯಾವ ಯೂನಿವರ್ಸಿಟಿ ಆದ್ರೂ ಸೇರು. ಹಾಸ್ಟೆಲ್ ಮಾತ್ರ ಬ್ಯಾಡ, ರೂಮ್ ಮಾಡು. ಚಾಪಿ ಎರಡು ಇರಲಿ."