ಆ್ಯಪ್ ಸಿಕ್ತು, ರೊಟ್ಟಿ ಬಡಿಯೋರು ಸಿಗವಲ್ರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಹುಡುಗ ಯಾವನಾದರೂ ಪುಣೆಯಲ್ಲೋ ಬೆಂಗಳೂರಿನಲ್ಲೋ ನೌಕರಿ ಬಿಟ್ಟು ಬಂದು ಮನೆಯಲ್ಲಿ ಸುಮ್ಮನೆ ಕೂತಿದ್ದಾನೆ ಎಂದರೆ ಅವನ ತಲೆಯಲ್ಲಿ ಎರಡೇ ವಿಚಾರ. ಒಂದು, ಸಕ್ಕರೆ ಕಾರ್ಖಾನೆಗೆ ಕಬ್ಬು ಹೊಡೆಯಲು ಟ್ರ್ಯಾಕ್ಟರ್ ತಗೊಳ್ಳುವುದು. ಇನ್ನೊಂದು, ಫುಡ್ ಡೆಲಿವರಿ. ಟ್ರ್ಯಾಕ್ಟರಿಗೆ ಬ್ಯಾಂಕಿನವರು ಸಾಲ ಕೊಡುತ್ತಾರೆ, ಫುಡ್ ಡೆಲಿವರಿಗೆ ಸೋದರಮಾವಂದಿರು ಕೊಡಬೇಕು. ಹಾಗಾಗಿ ನಮ್ಮ ಅಕ್ಕನ ಮಗ ಲ್ಯಾಪ್‌ಟಾಪ್ ಬಗಲಲ್ಲಿಟ್ಟುಕೊಂಡು ನೆಟ್ಟಗೆ ನಮ್ಮ ಮನೆಗೆ ಬಂದ.

“ಮಾಮಾ, ಭಾಳ ತ್ರಾಸಿನ ಧಂದೆ ಅಲ್ಲ. ವೀಕೆಂಡ್ ಅಷ್ಟ. ಶನಿವಾರ, ರವಿವಾರ ಮನಿ ಮನಿಗೆ ಊಟದ ಡಬ್ಬಿ. ಉಳದ ಐದು ದಿನ ಆರಾಮ.”

“ಶನಿವಾರ ಯಾರ್ ತರಸ್ತಾರಲೇ?” ಅಂದೆ.

ಅವನಿಗೆ ತಿಳಿಯಲಿಲ್ಲ, ಪುಣೆಯ ನೀರು ಕುಡಿದವನು. ನಮ್ಮ ಕಡೆ ಶನಿವಾರ ಹಣಮಪ್ಪನ ವಾರ. ಮನೆಗೊಬ್ಬರಾದರೂ ಒಪ್ಪತ್ತು ಹಿಡಿದಿರುತ್ತಾರೆ, ಇಲ್ಲವೇ ತುಳಸಿಗೇರಿಯ ಹಾದಿ ಹಿಡಿದಿರುತ್ತಾರೆ. ಮಕ್ಕಳಿಗೆ ಮುಂಜಾನೆ ಸಾಲಿ, ಮಧ್ಯಾಹ್ನ ಮನೆಗೆ ಬಂದು ಇದ್ದಬದ್ದದ್ದು ತಿಂದು ಓಡುತ್ತವೆ. ಸರ್ಕಾರಿ ನೌಕರರಿಗೆ ಎರಡನೇ ಶನಿವಾರದ ಜೊತೆಗೆ 2019ರಲ್ಲಿ ನಾಲ್ಕನೇ ಶನಿವಾರದ ರಜೆಯೂ ಸಿಕ್ಕಿತು, ಖರೆ. ಆದರೆ ಆ ದಿನ ಅವರು ಊರಲ್ಲಿರುವುದಿಲ್ಲ. ಹೊಲ ನೋಡಲು ಹಳ್ಳಿಗೆ ಹೋಗುತ್ತಾರೆ, ಬರುವಾಗ ಅವ್ವನ ಕೈಯಲ್ಲಿ ಬುತ್ತಿ ಕಟ್ಟಿಸಿಕೊಂಡೇ ಬರುತ್ತಾರೆ. ರಬಕವಿ-ಬನಹಟ್ಟಿಯ ನೇಕಾರನಿಗಂತೂ ಕರೆಂಟು ಹೋದಾಗಲೇ ರಜೆ. ಬೆಂಗಳೂರಿನವರ ಎರಡು ದಿನದ ವೀಕೆಂಡು ಮಲಪ್ರಭೆ, ಘಟಪ್ರಭೆ ದಾಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ರವಿವಾರ ಒಂದೇ ಉಳಿದಿರುತ್ತದೆ.

“ರವಿವಾರ ಒಂದ ಇರಲಿ ಬಿಡು,” ಅಂದ. “ಹೆಸರು ಹ್ಯಾಂಗೈತಿ ನೋಡು, ನಾರ್ತ್ ಕರ್ನಾಟಕ ಥಾಲಿ.”

ಬೆಂಗಳೂರಿನ ಜಯನಗರದಲ್ಲಿ ಆ ಬೋರ್ಡು ನಡೆಯುತ್ತದೆ. ಜಮಖಂಡಿಯಲ್ಲಿ ಅದಕ್ಕೆ ಊಟ ಅನ್ನುತ್ತಾರೆ. ಎರಡು ಬಿಸಿ ರೊಟ್ಟಿ, ಬದನಿಕಾಯಿ ಎಣ್ಣಿಗಾಯಿ, ಮಡಿಕಿಕಾಳಿನ ಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಮೊಸರು, ಅನ್ನ-ಸಾರು. ಇದಕ್ಕೆ ಥಾಲಿ ಎಂದು ಹೆಸರಿಟ್ಟು ಮೂವತ್ತು ರೂಪಾಯಿ ಜಾಸ್ತಿ ಹಾಕಿದರೆ ಗಿರಾಕಿ ಮೊದಲು ಕೇಳುವುದು, “ತಾಟೂ ನಮಗ ಕೊಡ್ತೀರೇನ್ರೀ?”

ಅಂದಹಾಗೆ, ಊಟವನ್ನು ಮನೆಯಿಂದ ಮನುಷ್ಯನಿರುವ ಜಾಗಕ್ಕೆ ಮುಟ್ಟಿಸುವ ವಿದ್ಯೆಯನ್ನು ಸ್ವಿಗ್ಗಿಯವರು 2014ರಲ್ಲಿ ಬೆಂಗಳೂರಿನಲ್ಲಿ ಕಂಡುಹಿಡಿದರು ಎಂದು ಈ ಹುಡುಗರು ನಂಬಿದ್ದಾರೆ. ನಮ್ಮ ಹೆಣ್ಣುಮಕ್ಕಳು ತಲೆಯ ಮೇಲೆ ಬುತ್ತಿಯ ಬುಟ್ಟಿ ಹೊತ್ತು ಹೊಲಕ್ಕೆ ನಡೆಯುತ್ತಿದ್ದದ್ದು ಏನು ಮತ್ತೆ? ಧಾರವಾಡದಲ್ಲಿ ರೂಮು ಮಾಡಿಕೊಂಡು ಓದುವ ಹುಡುಗರಿಗೆ ಹಳ್ಳಿಯಿಂದ ಬಸ್ಸಿನಲ್ಲಿ ಡಬ್ಬಿ ಹೋಗುತ್ತಿದ್ದದ್ದು ಏನು? ಮುಂಜಾನೆಯ ಬಸ್ಸಿಗೆ ಅವ್ವ ಅರಿವೆಯಲ್ಲಿ ಗಂಟು ಕಟ್ಟಿದ ಡಬ್ಬಿ ತಂದು ಡ್ರೈವರನ ಬಾಜೂ ಇಡುತ್ತಾಳೆ. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಮಗ ತಗೊಳ್ಳುತ್ತಾನೆ, ನಿನ್ನೆಯ ಖಾಲಿ ಡಬ್ಬಿ ತಿರುಗಿ ಅದೇ ಬಸ್ಸಿಗೆ ಹಾಕುತ್ತಾನೆ. ಜಿಪಿಎಸ್ ಇಲ್ಲ, ಓಟಿಪಿ ಇಲ್ಲ. ಅವನಿಗೆ ಡಬ್ಬಿ ಮುಟ್ಟಿತೋ ಇಲ್ಲವೋ ಎಂದು ಕಂಡಕ್ಟರನಿಗೆ ಊರವರೆಲ್ಲ ಕೇಳುತ್ತಾರೆ, ಟ್ರ್ಯಾಕಿಂಗ್ ಎಂದರೆ ಅದು.

ನಮ್ಮ ಹುಡುಗ ಮುಂಬೈ ಡಬ್ಬಾವಾಲಾಗಳ ವಿಡಿಯೊ ತೋರಿಸಿದ. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಎಂಬಾತ ಶುರು ಮಾಡಿದ್ದು, ಬ್ರಿಟನ್ನಿನ ಆಗಿನ ರಾಜಕುಮಾರ ಚಾರ್ಲ್ಸ್ 2003ರಲ್ಲಿ ಅವರನ್ನು ಬಂದು ನೋಡಿದ್ದ, ಎಲ್ಲ ಹೇಳಿದ. ಒಂದು ಮಾತು ಮಾತ್ರ ಹೇಳಲಿಲ್ಲ, ಅದನ್ನು ನಾನೇ ಹೇಳಬೇಕಾಯಿತು. ಆ ಡಬ್ಬಾವಾಲಾಗಳಿಗೆ ರವಿವಾರ ಸೂಟಿ. ಜಗತ್ತಿಗೇ ಡಬ್ಬಿ ಹೊರುವುದನ್ನು ಕಲಿಸಿದವರು ಯಾವ ದಿನ ಮನೆಯಲ್ಲಿ ಕಾಲು ಚಾಚುತ್ತಾರೋ ಆ ದಿನವೇ ಇವನು ಅಂಗಡಿ ತೆಗೆಯಲು ಹೊರಟಿದ್ದ.

ಇನ್ನು ಜನ ಕೂಡಿಸುವ ಪುರಾಣ. ಇವನ ಎಕ್ಸೆಲ್ ಹಾಳೆಯಲ್ಲಿ ಆ್ಯಪ್ ಮಾಡಿಸಲು 40 ಸಾವಿರ, ಲೋಗೊ ಬರೆಸಲು 5 ಸಾವಿರ ಇತ್ತು. ಕೆಳಗೆಲ್ಲೋ ಒಂದು ಸಾಲಿನಲ್ಲಿ ‘ರೊಟ್ಟಿ ಲೇಬರ್, ಒಂದಕ್ಕೆ 3 ರೂಪಾಯಿ’. ಅದನ್ನು ನೋಡಿದ ಕೂಡಲೇ ಈ ಧಂದೆ ಎಲ್ಲಿ ಮುಗ್ಗರಿಸುತ್ತದೆ ಎಂದು ನನಗೆ ಗೊತ್ತಾಯಿತು. ಬಾಯಿ ಬಿಡಲಿಲ್ಲ. ಮಾವನಾದವನಿಗೆ ಇಷ್ಟಾದರೂ ಮನರಂಜನೆ ಬೇಡವೇ?

ರೊಟ್ಟಿ ಬಡಿಯುವುದು ಲೇಬರ್ ಅಲ್ಲ ಸ್ವಾಮಿ. ಜೋಳದ ಹಿಟ್ಟಿಗೆ ಗೋಧಿಯಂತೆ ತಾನಾಗಿ ಹಿಡಿದುಕೊಳ್ಳುವ ಗುಣವಿಲ್ಲ. ಕುದಿಯುವ ಎಸರು ಹಾಕಿ, ಕೈ ಸುಡುವಾಗಲೇ ನಾದಿ ಜಿಗಿ ಬರಿಸಬೇಕು. ಹಿಟ್ಟು ಬೀಸಿ ದಿನ ಕಳೆದಿದ್ದರೆ ಎಷ್ಟು ನಾದಿದರೂ ಜಿಗಿ ಬರುವುದಿಲ್ಲ, ಅಂಚೆಲ್ಲ ಬಿರಿಯುತ್ತದೆ. ಬಳೆ ಮೇಲಕ್ಕೆ ಸರಿಸಿಕೊಂಡು, ಒಣಹಿಟ್ಟು ಉದುರಿಸಿ, ಒಂದು ಕೈ ಬಡಿಯುತ್ತ ಇನ್ನೊಂದು ಕೈ ತಿರುಗಿಸುತ್ತ ಹೋದರೆ ಉಂಡೆ ತಾಟಿನಗಲ ಆಗುತ್ತದೆ. ಅದನ್ನು ಹರಿಯದಂತೆ ಎತ್ತಿ ಹೆಂಚಿಗೆ ಹಾಕಿ, ನೀರಿನ ಅರಿವೆ ಸವರಿ, ಮಗುಚಿ, ಉಬ್ಬಿಸಿ ತೆಗೆಯಬೇಕು. ಐವತ್ತು ಡಬ್ಬಿ ಎಂದರೆ ನೂರು ರೊಟ್ಟಿ. ಒಂದೇ ಹೆಂಚಿನ ಮುಂದೆ ನುರಿತ ಕೈಗೂ ಎರಡು-ಮೂರು ತಾಸಿನ ಕೆಲಸ. ನಿನ್ನೆಯೇ ನಾದಿಟ್ಟು ಇವತ್ತು ಬಡಿಯುತ್ತೇನೆ ಎಂದರೆ ಆಗುವುದಿಲ್ಲ. ಆಮೇಲೆ ಬಿಸಿ ಇರುವಾಗಲೇ ಡಬ್ಬಿಯ ಮುಚ್ಚಳ ಬಿಗಿದರೆ ರೊಟ್ಟಿ ಒಳಗೇ ಬೆವತು ಮೆತ್ತಗಾಗುತ್ತದೆ, ಬಿಟ್ಟರೆ ಸೆಟೆಯುತ್ತದೆ. ಅರಿವೆಯಲ್ಲಿ ಸುತ್ತಿ ಇಡಬೇಕೆಂಬ ಸಂಗತಿ ಇವನ ಪ್ಯಾಕೇಜಿಂಗ್ ಕನ್ಸಲ್ಟಂಟಿಗೆ ಗೊತ್ತಿರಲಿಲ್ಲ.

ರೊಟ್ಟಿ ಬಡಿಯುವ ಒಬ್ಬ ಅಕ್ಕನನ್ನು ಹುಡುಕಿ ‘ಇಂಟರ್‌ವ್ಯೂ’ ಮಾಡಲು ಹೋದ. ಇಂಟರ್‌ವ್ಯೂ ಆದದ್ದು ಇವನದೇ.

“ಯಕ್ಕಾ, ಪ್ರತಿ ರವಿವಾರ ಬರಬೇಕು.”

“ಅಮಾಸಿಗೆ ಬರೂದಿಲ್ಲೋ ತಮ್ಮಾ. ಸೀಗಿ ಹುಣ್ಣಿಮಿ, ಎಳ್ಳ ಅಮಾಸಿಗೆ ಚರಗ ಚೆಲ್ಲಾಕ ಹೊಲಕ್ಕ ಹೋಗಬೇಕು. ಮದುವಿ ಸೀಜನ್ನಿನಾಗ ಮದಲ ಆರ್ಡರ್ ಹಿಡದಿರ್ತೇನಿ. ಜಾತ್ರಿ ಇದ್ದಾಗ ಬೀಗರ ಬರ್ತಾರ.”

“ಹಂಗಾದ್ರ ಯಾವಾಗ ಬರ್ತೀಯಕ್ಕಾ?”

“ಅದಿರಲಿ. ನಿನ್ನ ಗಿರಾಕಿ ಹೆಣ್ಣಮಕ್ಕಳಿಗೆ ರವಿವಾರ ರೊಟ್ಟಿ ಬಡಿಯಾಕ ಬ್ಯಾಸರ ಅಂತ ನನ್ನ ಕರಿಯಾಕ ಬಂದಿ. ನನಗ ಬ್ಯಾಸರ ಬಂದ್ರ ನಾ ಯಾರ್ನ ಕರೀಲಿ?”

ಮ್ಯಾನೇಜ್‌ಮೆಂಟ್ ಓದಿದವನು ಬಾಯಿ ತೆರೆದುಕೊಂಡು ನಿಂತ. ಆ ಪ್ರಶ್ನೆಗೆ ಎಕ್ಸೆಲ್ಲಿನಲ್ಲಿ ಕಾಲಮ್ಮೇ ಇರಲಿಲ್ಲ.

ಇವನು ಹೊರಗೆ ಬಂದು ಗುಡಿಯ ಕಟ್ಟೆಯ ಮೇಲಿದ್ದ ಹಿರಿಯರ ಹತ್ತಿರ ದುಃಖ ತೋಡಿಕೊಂಡ. “ಗೃಹಲಕ್ಷ್ಮಿ ಎರಡು ಸಾವಿರ ಬರಾಕ ಹತ್ತಿದ ಮ್ಯಾಲೆ ಹೆಣ್ಮಕ್ಕಳು ಕೆಲಸಕ್ಕ ಬರವಲ್ರು ನೋಡಪಾ” ಎಂದು ಅವರು ತೀರ್ಪು ಕೊಟ್ಟರು. ಈ ಮಾತು 2023ರಿಂದ ಎಲ್ಲ ಊರ ಕಟ್ಟೆಗಳ ಮೇಲೂ ನಡೆದಿದೆ. ತಿಂಗಳಿಗೆ ಎರಡು ಸಾವಿರ ಬಂದರೆ ಹೆಣ್ಣುಮಕ್ಕಳು ಕೂತುಬಿಡುತ್ತಾರೆ ಎನ್ನುವುದಾದರೆ, ಮುಂಜಾನೆ ಎಂಟರಿಂದ ಕಟ್ಟೆಯ ಮೇಲೆ ಕೂತ ಈ ಗಂಡಸರು ಯಾವ ಯೋಜನೆಯ ಫಲಾನುಭವಿಗಳು? ಪಕ್ಕದ ರಾಯಬಾಗ ತಾಲೂಕಿನ ಸುಟ್ಟಟ್ಟಿಯಲ್ಲಿ 2024ರಲ್ಲಿ ಒಬ್ಬ ಅಜ್ಜಿ ಅದೇ ದುಡ್ಡು ಕೂಡಿಸಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದಳು. ಹಣ ಬಂದರೆ ಹೆಣ್ಣುಮಕ್ಕಳು ಹೆಂಚು ಬಿಡುವುದಿಲ್ಲ, ಅಗ್ಗದ ದರ ಬಿಡುತ್ತಾರೆ. ಕಟ್ಟೆಯವರಿಗೆ ನೋವಾಗಿರುವುದು ಅದಕ್ಕೆ.

ಡಬ್ಬಿ ಹೊರುವ ಹುಡುಗರು ಬೇಗ ಸಿಕ್ಕರು. ಬೇಗ ಸಿಕ್ಕದ್ದು ಬೇಗ ಹೋಗುತ್ತದೆ. ರವಿವಾರ ಟೆನಿಸ್ ಬಾಲ್ ಟೂರ್ನಮೆಂಟು; ಡಬ್ಬಿ ಹುಡುಗನೇ ಬೌಲರ್, ಡಬ್ಬಿ ಕ್ಯಾರಿಯರಿನಲ್ಲಿ ಗ್ರೌಂಡಿನ ಬಿಸಿಲು ಕಾಯಿಸುತ್ತಿದೆ. ವಿಳಾಸಗಳ ಚಂದವೇ ಬೇರೆ: “ಹಣಮಂತ ದೇವರ ಗುಡಿ ಹಿಂದ.” ಯಾವ ಓಣಿಯಲ್ಲಿ ಹಣಮಂತ ದೇವರ ಗುಡಿ ಇಲ್ಲ ಹೇಳಿ! ಬನಹಟ್ಟಿಯಲ್ಲಿ ಪವರ್‌ಲೂಮಿನ ಖಟಪಟದಲ್ಲಿ ಗಿರಾಕಿಗೆ ಫೋನಿನ ರಿಂಗೇ ಕೇಳುವುದಿಲ್ಲ. ಹುಡುಗ ಬಾಗಿಲ ಮುಂದೆ ನಿಂತು ಆರು ಸಲ ಫೋನ್ ಮಾಡುತ್ತಾನೆ, ಒಳಗೆ ಸೀರೆ ಮಾರುದ್ದ ಬೆಳೆಯುತ್ತಿರುತ್ತದೆ. ನಮ್ಮ ಅಡ್ಡಹೆಸರುಗಳಂತೂ ಡೆಲಿವರಿಗೇ ಶತ್ರು. ಉಳ್ಳಾಗಡ್ಡಿಯವರ ಮನೆಗೆ ಒಂದು ಡಬ್ಬಿ, ಮೆಣಸಿನಕಾಯಿಯವರ ಮನೆಗೆ ಎರಡು ಎಂದು ಚೀಟಿ ಬರೆದುಕೊಟ್ಟರೆ ಹುಡುಗ ಮಾರ್ಕೆಟ್ಟಿಗೆ ಹೋಗಿ ಉಳ್ಳಾಗಡ್ಡಿ, ಮೆಣಸಿನಕಾಯಿ ತೂಗಿಸಿಕೊಂಡು ಬಂದ.

ಮುಧೋಳದಿಂದ ಒಂದು ಆರ್ಡರು ಬಂತು. ಜಮಖಂಡಿಯಿಂದ ಇಪ್ಪತ್ತು ಕಿಲೋಮೀಟರಿನ ಮೇಲೆ ದಾರಿ, ಡಬ್ಬಿಯ ದುಡ್ಡು ಪೆಟ್ರೋಲಿಗೇ ಸರಿ. ಅಲ್ಲಿ ಹುಡುಗನಿಗೆ ನಾಯಿ ಬೆನ್ನು ಹತ್ತಿತು. ಯಾವುದೋ ಬೀದಿನಾಯಿ ಇರಬೇಕು, ಮುಧೋಳ ನಾಯಿಗೆ ಅಂಥ ಪುರುಸೊತ್ತು ಎಲ್ಲಿ? ಅದರ ಮುಖ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಸೈನ್ಯದವರು ಮೀರತ್‌ಗೆ ತರಬೇತಿಗೆ ಕರೆದೊಯ್ದರು. ನಾಲ್ಕು ತಾಲೂಕಿನಲ್ಲಿ ಕೇಂದ್ರ ಸರ್ಕಾರದ ನೌಕರಿ ಸಲೀಸಾಗಿ ಸಿಕ್ಕದ್ದು ಅದೊಂದಕ್ಕೇ. ಬೀಳಗಿಯ ಗಿರಾಕಿ ಇನ್ನೂ ಜಾಣ. ಒಂದು ಡಬ್ಬಿ ಹೇಳಿ, “ತಮ್ಮಾ, ಹಂಗ ಹೊಳಿ ದಾಟಿ ಕೊಲ್ಹಾರದಾಗಿಂದ ಒಂದು ಗಡಿಗಿ ಮಸರು ಹಿಡಕೊಂಡ ಬಾ” ಎಂದನಂತೆ. ಕೊಲ್ಹಾರದ ಗಟ್ಟಿ ಮೊಸರಿನ ಮುಂದೆ ಡಬ್ಬಿಯ ಮೊಸರು ಯಾರಿಗೆ ಬೇಕು? ಕೇಳಿದ್ದರಲ್ಲಿ ತಪ್ಪಿಲ್ಲ.

ಸ್ಟೀಲ್ ಡಬ್ಬಿಗಳ ಕಥೆ ಬೇರೆ ಇದೆ. ಪ್ಲಾಸ್ಟಿಕ್ ಬೇಡ ಎಂದು ಇವನು ಸ್ಟೀಲಿನವು ತಂದ, ಒಳ್ಳೆಯ ಬುದ್ಧಿ. ಆದರೆ ನಮ್ಮ ಹೆಣ್ಣುಮಕ್ಕಳು ಬಂದ ಪಾತ್ರೆಯನ್ನು ಬರಿದು ಮಾಡಿ ಕಳಿಸುವವರಲ್ಲ. ಡಬ್ಬಿ ತಿರುಗಿ ತರಲು ಹೋದ ಹುಡುಗನಿಗೆ ಒಬ್ಬರು ಚಕ್ಕುಲಿ ತುಂಬಿ ಕೊಟ್ಟರು, ಇನ್ನೊಬ್ಬರು ಮಾದ್ಲಿ. ಹೊಟ್ಟೆ ತುಂಬಿದ ಹುಡುಗ ಸಂಜೆಯ ಪಾಳಿಗೆ ಬರಲಿಲ್ಲ. ಹಾಕಿಕೊಡಲು ಏನೂ ಇಲ್ಲದವರು ನಾಚಿಕೊಂಡು ಡಬ್ಬಿಯನ್ನೇ ಇಟ್ಟುಕೊಂಡರು.

ಕಾನೂನಿನ ಮಾತು ಎರಡೇ. ಧಂದೆ ಎಷ್ಟೇ ಸಣ್ಣದಿರಲಿ, ಮನೆಯ ಅಡುಗೆಮನೆಯಿಂದಲೇ ನಡೆಯಲಿ, 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ನೋಂದಣಿ ಬೇಕು. 14 ಅಂಕಿಯ ನಂಬರು ಕೊಡುತ್ತಾರೆ. ಅದನ್ನು ಇವನು ಮಾಡಿಸಿದ, ಶಹಬ್ಬಾಸ್. ಗಿಗ್ ಕಾರ್ಮಿಕರ ಕಲ್ಯಾಣಕ್ಕೆಂದು ಕರ್ನಾಟಕ ಸರ್ಕಾರ 2025ರಲ್ಲಿ ಬೇರೆ ಕಾಯ್ದೆಯನ್ನೇ ತಂದಿದೆ. ಅದನ್ನು ಓದಿ ಹೇಳಿದರೆ, “ಅಂವಾ ಗಿಗ್ ಅಲ್ಲ ಮಾಮಾ, ದೋಸ್ತ” ಎಂದ. ದೋಸ್ತರಿಗೆ ಪಗಾರ ಕೊಡದಿರಲು ಇದಕ್ಕಿಂತ ಸಭ್ಯವಾದ ಮಾತು ನಾನು ಕೇಳಿಲ್ಲ.

ಒಂದಿಷ್ಟು ರವಿವಾರ ಹೀಗೇ ಕಳೆದ ಮೇಲೆ ಆ್ಯಪ್ ಬಂದ್ ಆಯಿತು. ಈಗ ವಾಟ್ಸ್ಆ್ಯಪ್ ಗ್ರೂಪೇ ಸಾಕಾಗಿದೆ. ಮುಧೋಳ, ಬೀಳಗಿ ಬಿಟ್ಟು ಜಮಖಂಡಿಯ ನಾಲ್ಕು ಓಣಿ ಹಿಡಿದ. ರಬಕವಿ-ಬನಹಟ್ಟಿಗೆ ಡಬ್ಬಿಗಳನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿ ಬಸ್ಸಿಗೆ ಹಾಕುತ್ತಾನೆ, ಬಸ್‌ಸ್ಟ್ಯಾಂಡಿಗೆ ಬಂದು ಒಯ್ಯುವವರು ಒಯ್ಯುತ್ತಾರೆ. ರೊಟ್ಟಿ ಅಕ್ಕ ಮತ್ತಿಬ್ಬರು ಗೆಳತಿಯರನ್ನು ಕರೆತಂದು ಮೂರು ಹೆಂಚು ಹೂಡಿದ್ದಾಳೆ. ಅವಳು ಈಗ ಪಗಾರದವಳಲ್ಲ, ಅರ್ಧ ಪಾಲಿನವಳು. ಅವಳಿಗೆ ಹೊಲ, ಹಬ್ಬ ಇದ್ದ ದಿನ ಅಂಗಡಿ ಬಂದ್. ಅವತ್ತು ಗಿರಾಕಿಗಳೂ ಹೊಲದಲ್ಲೇ ಇರುವುದರಿಂದ ಲುಕ್ಸಾನೇನೂ ಇಲ್ಲ. ಈ ಧಂದೆಯಲ್ಲಿ ಬಂಡವಾಳ ಹಾಕುವುದಿದ್ದರೆ ಮೊದಲ ದುಡ್ಡು ರೊಟ್ಟಿ ಬಡಿಯುವ ಕೈಗೆ, ಉಳಿದರೆ ಗಾಡಿಗೆ, ಅದರಲ್ಲೂ ಉಳಿದರೆ ಲೋಗೊಕ್ಕೆ ಎಂದು ಅವನೇ ಈಗ ಕಟ್ಟೆಯವರಿಗೆ ಭಾಷಣ ಬಿಗಿಯುತ್ತಿದ್ದಾನೆ. ನನ್ನ ಸಾಲ ಯಾವ ಸಾಲಿನಲ್ಲಿದೆ ಎಂದು ಮಾತ್ರ ಹೇಳುತ್ತಿಲ್ಲ.

ಡಬ್ಬಿ ಬೇಕಾದವರು ಶನಿವಾರ ಸಂಜೆಯೊಳಗೆ ಹೇಳಿಬಿಡಿ, ಹಿಟ್ಟು ಬೀಸಿಸಬೇಕು. ಹೋದ ವಾರದ ಸ್ಟೀಲ್ ಡಬ್ಬಿ ಇನ್ನೂ ನಿಮ್ಮ ಮನೆಯಲ್ಲೇ ಇದ್ದರೆ ದಯವಿಟ್ಟು ಖಾಲಿಯೇ ಕೊಟ್ಟು ಕಳಿಸಿ, ಹುಡುಗನಿಗೆ ಸಂಜೆಯ ಪಾಳಿ ಇದೆ.