ಹಿತ್ತಲಲ್ಲಿ ಆಲೂಗಡ್ಡೆ ಬೆಳೆಯದಿರುವ ಕ್ರಮ

ಮೊದಲು ಕಾಲ ಗೊತ್ತು ಮಾಡಿಕೊಳ್ಳಿ. ಆಲೂಗಡ್ಡೆ ಗೆಡ್ಡೆ ಕಟ್ಟಬೇಕಾದರೆ ರಾತ್ರಿ ತಂಪಿರಬೇಕು. ರಾತ್ರಿಯ ಉಷ್ಣಾಂಶ 20 ಡಿಗ್ರಿ ದಾಟಿದರೆ ಗೆಡ್ಡೆ ಕಟ್ಟುವುದು ಇಳಿಯುತ್ತ ಹೋಗುತ್ತದೆ, ಮಣ್ಣು 30ರ ಹತ್ತಿರ ಕಾದರೆ ನಿಂತೇ ಹೋಗುತ್ತದೆ. ಆದ್ದರಿಂದ ಯುಗಾದಿ ಹೋಳಿಗೆ ಅರಗಿದ ಮೇಲೆ ಬಿತ್ತನೆಗೆ ಇಳಿಯಿರಿ. ಚಳ್ಳಕೆರೆ, ಮೊಳಕಾಲ್ಮುರಿನಲ್ಲಿ ಆ ಹೊತ್ತಿಗೆ ಹಗಲು 40ರ ಆಸುಪಾಸಿನಲ್ಲಿರುತ್ತದೆ. ರಾತ್ರಿ ಮಾಳಿಗೆ ಮೇಲೆ ಮಲಗಿದರೂ ನಿದ್ದೆ ಹತ್ತುವುದಿಲ್ಲ. ಈ ಅನುಕೂಲ ಹಾಸನದವರಿಗಿಲ್ಲ. ಅವರದು 900 ಮೀಟರಿಗೂ ಎತ್ತರದ ಸೀಮೆ, ಮುಂಗಾರಿನ ಮೋಡ, ತಣ್ಣನೆ ಗಾಳಿ. ಅಲ್ಲಿ ಬೆಳೆ ಕೆಡಿಸಲು ಅಂಗಮಾರಿ ರೋಗವೇ ಬರಬೇಕು. ನಮಗೆ ಬಿಸಿಲೊಂದೇ ಸಾಕು, ಅದೂ ಪುಕ್ಕಟೆ.

ಬೀಜದ ವಿಚಾರದಲ್ಲಿ ಉದಾಸೀನ ಬೇಡ. ಪಂಜಾಬಿನ ಜಲಂಧರ್ ಕಡೆಯಿಂದ ಬರುವ ಬಿತ್ತನೆ ಗೆಡ್ಡೆಗಾಗಿ ಹಾಸನದ ರೈತರು ಎಪಿಎಂಸಿಗೆ ಎಡತಾಕುತ್ತಾರೆ. ನೀವು ಅಷ್ಟು ದೂರ ಹೋಗಬೇಡಿ. ಅಡುಗೆಮನೆಯ ಬುಟ್ಟಿಯ ತಳದಲ್ಲಿ, ಈರುಳ್ಳಿ ಸಿಪ್ಪೆಯ ಕೆಳಗೆ, ಪಲ್ಯಕ್ಕೂ ಬೇಡವಾಗಿ ಸುಕ್ಕುಗಟ್ಟಿದ್ದು ಒಂದು ಇದ್ದೇ ಇರುತ್ತದೆ. ಅದರ ಮೈಮೇಲೆ ಗೇಣುದ್ದದ, ಬಿಳಿಚಿದ, ಮುಟ್ಟಿದರೆ ಮುರಿಯುವ ಮೊಳಕೆ ಬಂದಿದ್ದರೆ ಅದನ್ನೇ ಆರಿಸಿ. ತಿಳಿದವರು ಹೋಳಿಗೆ ಎರಡು ಮೂರು ಕಣ್ಣು ಉಳಿಯುವ ಹಾಗೆ ಕೊಯ್ದು, ಬೂದಿ ಸವರಿ, ನೆರಳಲ್ಲಿ ಒಂದೆರಡು ದಿನ ಗಾಯ ಒಣಗಿಸಿ ನೆಡುತ್ತಾರೆ. ಅಷ್ಟು ಪುರಸೊತ್ತು ನಿಮಗೆಲ್ಲಿದೆ? ಈಳಿಗೆಮಣೆ ಮೇಲೆ ಸಾಂಬಾರಿನ ಹೋಳು ಮಾಡಿ, ಹಸಿಹಸಿಯಾಗಿಯೇ ಹೂಳಿ, ಮೇಲೊಂದು ಕೊಡ ನೀರು ಸುರಿಯಿರಿ. ಎಂಟು ದಿನ ಬಿಟ್ಟು ಬೆರಳಲ್ಲಿ ಕೆದಕಿ ನೋಡಿ. ಲೋಳೆ ಅಂಟಿ, ಸೆರಗಲ್ಲೋ ಟವೆಲಿನಲ್ಲೋ ಮೂಗು ಮುಚ್ಚಿಕೊಳ್ಳುವಂತಾದರೆ ಕೆಲಸ ಕ್ರಮವಾಗಿಯೇ ನಡೆದಿದೆ. ಯಾವುದೋ ಒಂದು ಹೋಳು ಕೊಳೆಯದೆ ಉಳಿದರೂ ಗಾಬರಿ ಬೇಡ. ಸಾಂಬಾರಿನ ಹೋಳಿಗೆ ಸಾಮಾನ್ಯವಾಗಿ ಕಣ್ಣಿರುವುದಿಲ್ಲ.

ನೆಲ ಅಗೆಯುವುದು ಹಳೆಯ ಕಾಲದ ಮಾತು. ಈಗ ಟೈರಿನ ಗೋಪುರ ಕಟ್ಟಬೇಕು. ಬಳ್ಳಾರಿ ರಸ್ತೆಯ ಪಂಕ್ಚರ್ ಅಂಗಡಿಗೆ ಹೋಗಿ ಲಾರಿಯ ಸವೆದ ಟೈರು ನಾಲ್ಕು ತನ್ನಿ. ಬಿಸಿಲು ಚೆನ್ನಾಗಿ ಬೀಳುವ ಜಾಗದಲ್ಲಿ, ಸಾಧ್ಯವಾದರೆ ತಾರಸಿ ಮೇಲೆ, ಮೊದಲನೆಯದನ್ನು ಇಟ್ಟು ಮಣ್ಣು ತುಂಬಿ ಹೋಳು ನೆಡಿ. ಗಿಡ ಎದ್ದಂತೆಲ್ಲ ಇನ್ನೊಂದು ಟೈರು ಏರಿಸಿ, ಮತ್ತೆ ಮಣ್ಣು ತುಂಬಿ. ಕಾಂಡದ ಉದ್ದಕ್ಕೂ ಗೆಡ್ಡೆ ಗೊಂಚಲುಗೊಂಚಲಾಗಿ ಇಳಿಯುತ್ತದೆ ಎಂದು ವಿಡಿಯೊ ಹೇಳುತ್ತದೆ. ನಾವು ಬೆಳೆಯುವ ತಳಿಗಳಿಗೆ ಆ ವಿಡಿಯೊ ತಲುಪಿಲ್ಲ. ಅವು ನೆಟ್ಟ ಹೋಳಿನ ಆಸುಪಾಸಿನ ಒಂದೇ ಪದರದಲ್ಲಿ ಗೆಡ್ಡೆ ಕಟ್ಟಿ ಸುಮ್ಮನಾಗುತ್ತವೆ. ಮೇಲಿನ ಮೂರು ಟೈರು ಶೋಭೆಗೆ. ಆದರೆ ಕಪ್ಪು ರಬ್ಬರಿನ ಉಪಕಾರ ಮರೆಯಬೇಡಿ. ಮಧ್ಯಾಹ್ನ ಎರಡಕ್ಕೆ ಅದರ ಮೇಲೆ ಅಂಗೈ ಇಟ್ಟು ನೋಡಿ. ಇಟ್ಟ ಕೈ ತಾನೇ ವಾಪಸ್ ಬರುತ್ತದೆ. ಒಳಗೆ ಆಲೂಗಡ್ಡೆ ಆಗದಿದ್ದರೂ ಬೇಯುವುದು ಖಂಡಿತ. ದಾರಿಯಲ್ಲಿ ಹೋಗುವ ಕುರಿಗಾರ ನಿಂತು, ‘ಅಲ್ರಣ್ಣ, ಟೈರಿಗೆ ದಿನಾ ನೀರು ಹಾಕ್ತೀರಲ್ಲ, ಗಾಡಿ ಎಲ್ಲಿ?’ ಅಂದರೆ ಗಂಭೀರವಾಗಿ, ‘ಇದು ವಿದೇಶಿ ಪದ್ಧತಿ ಕಣಪ್ಪ’ ಅನ್ನಿ. ಹೆಚ್ಚು ಮಾತಾಡಿಸಬೇಡಿ, ಅವನಿಗೆ ಮಣ್ಣಿನ ವಿಚಾರ ಗೊತ್ತಿರುವ ಸಾಧ್ಯತೆಯಿದೆ.

ಟೈರು ಹೊರುವುದು ಬೇಡ ಎನ್ನುವವರಿಗೆ ಹೊದಿಕೆ ಪದ್ಧತಿ ಇದೆ. ಅಮೆರಿಕದ ಕನೆಕ್ಟಿಕಟ್‌ನ ರೂತ್ ಸ್ಟೌಟ್ ಎಂಬಾಕೆ ನೆಲ ಅಗೆಯದೆ, ಆಲೂಗಡ್ಡೆಯನ್ನು ನೆಲದ ಮೇಲೆ ಹರಡಿ ಒಣಹುಲ್ಲು ಹೊದಿಸಿ ಬೆಳೆಯುತ್ತಿದ್ದರು. ಬೆನ್ನು ನೋಯದ ತೋಟಗಾರಿಕೆ ಕುರಿತು 1955ರಲ್ಲಿ ಪುಸ್ತಕವನ್ನೂ ಬರೆದರು. ಅಲ್ಲಿ ಹಿಮ ಬೀಳುತ್ತದೆ, ಮಳೆ ವರ್ಷವೆಲ್ಲ ಹಂಚಿಕೊಂಡು ಬರುತ್ತದೆ. ಇಂಥ ಸಣ್ಣ ವ್ಯತ್ಯಾಸಗಳಿಗೆ ತಲೆ ಕೆಡಿಸಿಕೊಳ್ಳಬೇಡಿ. ರಾಗಿಹುಲ್ಲು ಹರಡಿದರೆ ಸಂಜೆಯೊಳಗೆ ಓಣಿಯ ಮೇಕೆಗಳು ಬಂದು ಹೊದಿಕೆ ತೆಗೆದು ಗಾಳಿಯಾಡಲು ಬಿಡುತ್ತವೆ. ಶೇಂಗಾ ಸಿಪ್ಪೆಯಾದರೆ ಇನ್ನೂ ಉತ್ತಮ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಸಿಪ್ಪೆಗೆ ಬರವಿಲ್ಲ. ಅರ್ಧ ಅಡಿ ದಪ್ಪ ಸುರಿದು, ಮೇಲೆ ಒಂದಿಷ್ಟು ನೀರು ಚಿಮುಕಿಸಿ ಹೋಗಿ ಮಲಗಿ. ನಮ್ಮ ಕೆಂಪುಮಣ್ಣಿನ ಗೆದ್ದಲಿಗೆ ಇದಕ್ಕಿಂತ ದೊಡ್ಡ ಆಹ್ವಾನ ಪತ್ರಿಕೆ ಇಲ್ಲ. ಹದಿನೈದು ದಿನಕ್ಕೆ ಸಿಪ್ಪೆ ಮಾಯ, ಅದರಡಿಯ ಹೋಳು ಮಾಯ, ಪಕ್ಕದ ಬಾಗಿಲ ಚೌಕಟ್ಟಿಗೂ ಮಣ್ಣಿನ ಗೆರೆ ಏರಿರುತ್ತದೆ.

ನೀರಿನ ಮಾತಿಗೆ ಬನ್ನಿ. ಟೈರು, ಗೋಣಿಚೀಲ, ಬಕೆಟ್ಟು, ಯಾವುದರಲ್ಲಿ ಬೆಳೆದರೂ ನೆಲಕ್ಕಿಂತ ಬೇಗ ಒಣಗುತ್ತದೆ, ದಿನವೂ ನೀರು ಬೇಡುತ್ತದೆ. ವರ್ಷಕ್ಕೆ ಹೆಚ್ಚುಕಡಿಮೆ 500 ಮಿಲಿಮೀಟರ್ ಮಳೆ ಕಾಣುವ, ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿಗೆ ಸೇರಿದ ನಮಗೆ ಇದಕ್ಕಿಂತ ಒಪ್ಪುವ ಪದ್ಧತಿ ಬೇರೆ ಯಾವುದಿದೆ? ಮೂರು ದಿನ ಮರೆಯಿರಿ, ನಾಲ್ಕನೆಯ ದಿನ ನಲ್ಲಿ ಬಂದಾಗ ತುಂಬಿ ತುಳುಕುವಷ್ಟು ಬಿಡಿ. ಹೀಗೆ ಒಣಗಿಸಿ ನೆನೆಸಿದರೆ ಅಪ್ಪಿತಪ್ಪಿ ಕಟ್ಟಿದ ಗೆಡ್ಡೆಯೂ ಬಿರಿಯುತ್ತದೆ, ಇಲ್ಲವೇ ಗಂಟುಗಂಟಾಗಿ ಶುಂಠಿಯ ಆಕಾರ ತಾಳುತ್ತದೆ. ಬೋರ್‌ವೆಲ್ ಬತ್ತಿದ್ದರೆ ಭದ್ರಾ ಮೇಲ್ದಂಡೆಯ ನೀರು ಬಂದ ಮೇಲೆ ಹಾಕುತ್ತೇನೆಂದು ಗಿಡಕ್ಕೆ ತಿಳಿಸಿ. ಆ ಯೋಜನೆಗೆ 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾಗಿದೆ ಎಂದೂ ಹೇಳಿ. ಚಪ್ಪಾಳೆ ತಟ್ಟಿ ಕಾದವರು ನಾವು. ಒಂದು ಗಿಡ ಕಾಯದೇ?

ಗೊಬ್ಬರ ಧಾರಾಳವಾಗಿರಲಿ. ಶೇಂಗಾ ಹಿಂಡಿ ನೆನೆಸಿದ ನೀರು, ಅದರ ಮೇಲೆ ಒಂದು ಹಿಡಿ ಯೂರಿಯಾ, ಮರುವಾರ ಇನ್ನೊಂದು ಹಿಡಿ. ಸಾರಜನಕ ಹೆಚ್ಚಾದರೆ ಆಲೂಗಡ್ಡೆ ಗೆಡ್ಡೆಯ ಚಿಂತೆ ಬಿಟ್ಟು ಸೊಪ್ಪಿಗೆ ತಿರುಗುತ್ತದೆ. ಸೊಂಟದೆತ್ತರಕ್ಕೆ ಹಸಿರು ತುಂಬಿದಾಗ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಸ್ಟೇಟಸ್‌ಗೆ ಹಾಕಿ. ನೆಂಟರಿಗೆಲ್ಲ ತಲಾ ಎರಡು ಕೆಜಿ ಕೊಡುತ್ತೇನೆಂದು ಮಾತು ಕೊಡುವುದೂ ಈ ಹಂತದಲ್ಲೇ. ಫೋಟೊದಲ್ಲಿ ಬೇರು ಕಾಣುವುದಿಲ್ಲ.

ಬುಡಕ್ಕೆ ಮಣ್ಣು ಏರಿಸುವ ಗೋಜಿಗೆ ಹೋಗಬೇಡಿ. ಹೊರಗೆ ಇಣುಕಿದ ಗೆಡ್ಡೆ ಬಿಸಿಲು ಬಿದ್ದು ಹಸಿರಾಗುತ್ತದೆ. ಇಲ್ಲಿ ಮಾತ್ರ ನನ್ನ ಮಾತನ್ನು ನಿಜವಾಗಿ ಕೇಳಿ: ಹಸಿರಾದದ್ದರಲ್ಲಿ ಸೊಲನೈನ್ ಎಂಬ ವಿಷ ಇರುತ್ತದೆ, ಬೇಯಿಸಿದರೂ ಹೋಗುವುದಿಲ್ಲ, ತಿನ್ನಬೇಡಿ. ಬಂದವರಿಗೆ ತೋರಿಸಿ ತಿಪ್ಪೆಗೆ ಹಾಕಿ.

ಟೊಮೆಟೊ ಹೇರಳವಾಗಿ ಬೆಳೆಯುವ ಸೀಮೆಯಾದ್ದರಿಂದ ಕಸಿಯನ್ನೂ ಪ್ರಯತ್ನಿಸಬಹುದು. ವಾರಾಣಸಿಯ ಭಾರತೀಯ ತರಕಾರಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆಲೂ ಬುಡಕ್ಕೆ ಟೊಮೆಟೊ ಕುಡಿ ಕೂಡಿಸಿ ‘ಪೊಮ್ಯಾಟೊ’ ಮಾಡಿದ್ದಾರೆ. ನೀವು ಎರಡನ್ನೂ ದಾರದಿಂದ ಬಿಗಿಯಾಗಿ ಕಟ್ಟಿದರಾಯಿತು. ಒಂದೇ ಗಿಡದಲ್ಲಿ ಎರಡು ಬೆಳೆ ಕಳೆದುಕೊಳ್ಳುವ ಸೌಕರ್ಯ ಬೇರೆ ಯಾವ ಪದ್ಧತಿಯಲ್ಲೂ ಇಲ್ಲ.

ಕೊಯ್ಲನ್ನು ಮುಂದೂಡಬೇಡಿ. ಆಗಿದೆಯೋ ಇಲ್ಲವೋ ಎಂದು ದಿನಾ ಬೆಳಿಗ್ಗೆ ಬುಡ ಬಗೆದು, ಎಳೆಬೇರು ಹರಿದು ನೋಡಿ, ಮತ್ತೆ ಮುಚ್ಚಿ. ಕೊನೆಗೆ ಗೋಪುರ ಉರುಳಿಸಿದಾಗ ಗೋಲಿ ಗಾತ್ರದವು ಒಂದು ಹಿಡಿ ಸಿಕ್ಕರೆ ಅವನ್ನು ‘ಬೇಬಿ ಪೊಟೇಟೊ’ ಎಂದು ಕರೆಯಿರಿ. ಬೆಂಗಳೂರಿನ ಅಂಗಡಿಗಳಲ್ಲಿ ಅದಕ್ಕೆ ದೊಡ್ಡದಕ್ಕಿಂತ ಹೆಚ್ಚು ಬೆಲೆ. ನೆಂಟರಿಗೆ ಕೊಟ್ಟ ಮಾತಿಗೆ ಸಂತೆಯಲ್ಲಿ ಹತ್ತು ಕೆಜಿ ಕೊಂಡು, ಹಿತ್ತಲ ಕೆಂಪುಮಣ್ಣು ಮೆತ್ತಿ ಹಂಚಿ. ಹಾಸನದ ಮಣ್ಣನ್ನು ಮೊದಲು ತೊಳೆಯಲು ಮರೆಯಬೇಡಿ.

ಇನ್ನು ಒಂದು ಎಚ್ಚರಿಕೆ. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ವಾರದಲ್ಲಿ ಹಿತ್ತಲ ಕಡೆ ತಲೆ ಹಾಕಬೇಡಿ. ಆಗ ನಮ್ಮಲ್ಲೂ ರಾತ್ರಿ ತಂಪಾಗುತ್ತದೆ. ಬರೀ ನೆಲಕ್ಕೆ ಹಳೆಯ ಕುರಿಗೊಬ್ಬರ ಬೆರೆಸಿ, ಕುಫ್ರಿ ಸೂರ್ಯದಂಥ ಬಿಸಿಲು ತಾಳುವ ತಳಿಯ ಬಿತ್ತನೆ ಗೆಡ್ಡೆಯನ್ನು ಸಾಲಿನಲ್ಲಿ ಹೂಳಿ, ಹದವಾಗಿ ನೀರು ಕೊಟ್ಟು, ಎರಡು ಸಲ ಮಣ್ಣು ಏರಿಸಿಬಿಟ್ಟರೆ ಮೂರು ತಿಂಗಳಲ್ಲಿ ಆಲೂಗಡ್ಡೆ ಬಂದುಬಿಡುವ ಅಪಾಯವಿದೆ. ಬಂದರೆ ಅದಕ್ಕೆ ನಾನು ಹೊಣೆಯಲ್ಲ.